ಹೋದ ಕೂಸಿನ ಲೆಕ್ಕವನ್ನು ದೇವರಿಗೆ ಒಪ್ಪಿಸಿ ಸುಮ್ಮನಾಗಬಹುದೇ? ಹಳ್ಳಿಯ ಕೆಲಸದಲ್ಲಿ ಉಳಿಯುವುದೋ, ಹೊರಡುವುದೋ?

ಕುಷ್ಟಗಿ ಸೀಮೆಯ ಸಿಸ್ಟರ್

ಎಲ್ಲರಿಗೂ ಶರಣು. ನಾನು ಕುಷ್ಟಗಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಗುತ್ತಿಗೆಯ ಮೇಲೆ ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದೇನೆ. ಹುದ್ದೆಯ ಹೆಸರು ದೊಡ್ಡದು, ಊರಿನವರಿಗೆ ನಾನು ಸಿಸ್ಟರ್ ಅಷ್ಟೆ. ನಾಲ್ಕು ವರ್ಷಗಳ ಹಿಂದೆ ಆದೇಶಪತ್ರ ಬಂದಾಗ ನನ್ನ ಅಜ್ಜಿ ಅದನ್ನು ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕದಲ್ಲಿಟ್ಟು, "ಇದು ನಿನಗ ಸಿಕ್ಕ ನೌಕರಿ ಅಲ್ಲ, ಶಿವ ಹಚ್ಚಿದ ಕೆಲಸ" ಎಂದಿದ್ದಳು. ಆ ಮಾತನ್ನು ನಾನು ಪೂರ್ತಿಯಾಗಿ ನಂಬಿಯೇ ಈ ಊರಿಗೆ ಬಂದೆ.

ಕಳೆದ ದೀಪಾವಳಿ ಮುಗಿದ ವಾರದಲ್ಲಿ ನಮ್ಮೂರಿನ ಒಂದು ಜೋಡಿ ಕಟ್ಟಡದ ಕೂಲಿಗಾಗಿ ದೂರದ ಪಟ್ಟಣಕ್ಕೆ ಗುಳೆ ಹೊರಟಿತು. ಹೆಣ್ಣುಮಗಳಿಗೆ ನಾಲ್ಕನೇ ತಿಂಗಳು ಹಿಡಿದಿತ್ತು. ಬಸ್ಸಿಗೆ ಹೋಗುವ ಅವಸರದಲ್ಲಿ ಬಂದವಳ ಕೈಗೆ ನಾನು ಕಬ್ಬಿಣಾಂಶದ ಮೂವತ್ತು ಮಾತ್ರೆಗಳನ್ನು ಕೊಟ್ಟು ಕಳಿಸಿದೆ. ಗಂಡನ ಫೋನ್ ನಂಬರನ್ನು ಕೂಡ ಬರೆದುಕೊಳ್ಳಲಿಲ್ಲ. ಯುಗಾದಿಗೆ ಅವರು ಊರಿಗೆ ಬಂದಾಗ ಅವಳಿಗೆ ಎಂಟು ತಿಂಗಳು ತುಂಬಿತ್ತು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಕಾಗದದಷ್ಟು ಬೆಳ್ಳಗಾಗಿತ್ತು, ಹಿಮೋಗ್ಲೋಬಿನ್ 5.8 ಗ್ರಾಂ ಇತ್ತು. ಆಂಬುಲೆನ್ಸ್ ಕರೆಸಿ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ರಕ್ತ ಕೊಟ್ಟು ತಾಯಿಯನ್ನು ಉಳಿಸಿಕೊಂಡರು. ಕೂಸು ಹೊಟ್ಟೆಯಲ್ಲಿಯೇ ಹೋಗಿತ್ತು.

ಮಾತನಾಡಿಸಲು ಹೋದಾಗ ಅವಳ ಅತ್ತೆ ನನಗೆ ಚಹಾ ಕೊಟ್ಟು, "ದೇವರು ಕೊಟ್ಟಿದ್ದ, ದೇವರೇ ಒಯ್ದ, ನೀವೇನು ಮಾಡ್ತೀರಿ ಬಿಡ್ರಿ ಸಿಸ್ಟರ್" ಎಂದರು. ಆ ಮಾತಿನಿಂದ ಆ ಮನೆಯಲ್ಲಿದ್ದ ಎಲ್ಲರಿಗೂ ಸಮಾಧಾನವಾಯಿತು, ನನಗೆ ಮಾತ್ರ ಆಗಲಿಲ್ಲ. ಅಂದಿನಿಂದ ಪೂಜೆಗೆ ಕುಳಿತರೆ ಆ ಮೂವತ್ತು ಮಾತ್ರೆಗಳೇ ಕಣ್ಣಿಗೆ ಬರುತ್ತವೆ.

ಈಗ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಿಂದ ಕರೆ ಬಂದಿದೆ. ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು. ದೇವರ ಮೇಲೆ ಭರವಸೆ ಇಡುವುದೆಂದರೆ ಆ ಅತ್ತೆಯ ಹಾಗೆ ಹೇಳಿ ಸುಮ್ಮನಾಗುವುದೇ? ನಾನು ಈಗ ಹೊರಟರೆ ಅದು ಹಚ್ಚಿದ ಕೆಲಸವನ್ನು ಬಿಟ್ಟು ಓಡಿದಂತೆಯೇ? ಅನುಭವ ಇರುವವರು ದಯವಿಟ್ಟು ಹೇಳಿರಿ.

ಗಂಗಾವತಿಯ ಓದುಗ

ಓದಿ ಮನಸ್ಸು ಭಾರವಾಯಿತು ಸಿಸ್ಟರ್. ನಿಮ್ಮ ಕೈಯಿಂದ ಆ ತಾಯಿ ಉಳಿದಳೆಂಬುದನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಆ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿರಿ.

ಸಿಂಧನೂರಿನ ನೇರಮಾತು

ನನ್ನ ಮಾತು ಕಟುವಾಗಿ ಕೇಳಿಸಬಹುದು, ಆದರೂ ಹೇಳುತ್ತೇನೆ. "ಶಿವ ಹಚ್ಚಿದ ಕೆಲಸ" ಎಂಬ ಮಾತಿಗೆ ನಿಮ್ಮ ಅಜ್ಜಿಯ ಬಾಯಲ್ಲಿ ಬೆಲೆಯಿದೆ. ಅದೇ ಮಾತನ್ನು ವರ್ಷಕ್ಕೊಮ್ಮೆ ಗುತ್ತಿಗೆ ನವೀಕರಿಸುವ ವ್ಯವಸ್ಥೆ ಆಡಿದರೆ ನಾನು ಒಪ್ಪುವುದಿಲ್ಲ. ಸೇವೆ ಎಂಬ ಶಬ್ದವನ್ನು ಮುಂದಿಟ್ಟು ಕಡಿಮೆ ಸಂಬಳಕ್ಕೆ ಹೆಚ್ಚು ದುಡಿಸಿಕೊಳ್ಳುವುದು ನಮ್ಮ ಭಾಗದಲ್ಲಿ ರೂಢಿಯಾಗಿದೆ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲು ರಾತ್ರಿ ಧರಣಿ ಕುಳಿತದ್ದು ದೇವರ ಮೇಲೆ ನಂಬಿಕೆ ಇಲ್ಲದೆ ಅಲ್ಲ, ಗೌರವಧನ ಸಾಲದೆ. ನೀವು ಬೆಂಗಳೂರಿಗೆ ಹೋದರೆ ಅದು ಪಾಪವಲ್ಲ. ಊರಿನ ಇಡೀ ಭಾರವನ್ನು ಒಬ್ಬ ಹೆಣ್ಣುಮಗಳ ಭಕ್ತಿಯ ಮೇಲೆ ಹೇರುವುದು ಅನ್ಯಾಯ.

ಲಿಂಗಸುಗೂರಿನ ನಿವೃತ್ತ ಮೇಷ್ಟ್ರು

ನೇರಮಾತಿನವರು ಸಂಬಳದ ಬಗ್ಗೆ ಹೇಳಿದ್ದು ನಿಜ. ಆದರೆ ತಂಗಿ ಕೇಳಿದ್ದು ಸಂಬಳದ ಪ್ರಶ್ನೆಯನ್ನಲ್ಲ, ತನ್ನ ಎದೆಯ ಮೇಲಿನ ಭಾರವನ್ನು ಎಲ್ಲಿ ಇಳಿಸಬೇಕು ಎಂಬುದನ್ನು.

ನಮ್ಮ ತಾಲ್ಲೂಕಿನ ಗುರುಗುಂಟಾದ ಹತ್ತಿರ ಅಮರೇಶ್ವರವಿದೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಅಲ್ಲಿಂದಲೇ ಕಲ್ಯಾಣಕ್ಕೆ ಹೋದವರೆಂದು ಪರಂಪರೆ ಹೇಳುತ್ತದೆ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಆ ಹೆಚ್ಚಿನ ಅಕ್ಕಿಯನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಇದು ನಮ್ಮ ಅಳತೆಗೆ ಮೀರಿದ್ದು, ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ನಾನು ಮೂವತ್ತು ವರ್ಷ ಮಕ್ಕಳಿಗೆ ದುರಾಸೆಯ ಪಾಠವೆಂದು ಹೇಳಿಕೊಟ್ಟೆ. ನಿವೃತ್ತನಾದ ಮೇಲೆ ಅದರಲ್ಲಿ ಇನ್ನೊಂದು ಅರ್ಥ ನನಗೆ ಕಾಣತೊಡಗಿತು. ಅಕ್ಕಿಯನ್ನು ಮಾತ್ರವಲ್ಲ, ದುಃಖವನ್ನೂ ಹೊಣೆಯನ್ನೂ ಕೂಡ ಮನುಷ್ಯ ತನ್ನ ಅಳತೆಗೆ ಮೀರಿ ಆಯ್ದು ತರುತ್ತಾನೆ. ಆ ಕೂಸಿನ ಸಾವನ್ನು ಪೂರ್ತಿಯಾಗಿ ನಿಮ್ಮ ಉಡಿಯಲ್ಲಿ ಕಟ್ಟಿಕೊಂಡು ಬಂದಿದ್ದೀರಿ, ತಾಯಿ. ಅದರಲ್ಲಿ ನಿಮ್ಮದಲ್ಲದ್ದನ್ನು ಹಿಂದಕ್ಕೆ ಸುರಿದು ಬರಬೇಕು. ದೇವರ ಮೇಲೆ ಭರವಸೆ ಎಂದರೆ ನನ್ನ ಮಟ್ಟಿಗೆ ಇಷ್ಟೆ.

ಸಂಡೂರಿನ ಸಂದೇಹಿ

ಮೇಷ್ಟ್ರೇ, ನಿಮ್ಮ ಮೇಲೆ ಗೌರವವಿಟ್ಟುಕೊಂಡೇ ಕೇಳುತ್ತೇನೆ. ಲಕ್ಕಮ್ಮ ಹಿಂದಕ್ಕೆ ಕಳಿಸಿದ್ದು ಅಕ್ಕಿಯನ್ನು. ಇಲ್ಲಿ ಹೋದದ್ದು ಒಂದು ಜೀವ. "ನಮ್ಮ ಅಳತೆಗೆ ಮೀರಿದ್ದು" ಎಂದು ಎಲ್ಲರೂ ಹಿಂದಕ್ಕೆ ಸುರಿಯತೊಡಗಿದರೆ ಆ ಅತ್ತೆಯ ಮಾತಿಗೂ ನಿಮ್ಮ ಮಾತಿಗೂ ಏನು ವ್ಯತ್ಯಾಸ ಉಳಿಯುತ್ತದೆ? ನಮ್ಮ ಜಿಲ್ಲೆಗಳಲ್ಲಿ ಹಲ್ಲು ಕಂದು ಬಣ್ಣಕ್ಕೆ ತಿರುಗಿ, ಮೊಣಕಾಲು ಬಾಗಿದವರನ್ನು ನೋಡಿದ್ದೇವೆ. ಅದು ಹಣೆಬರಹ ಎಂದು ತಲೆಮಾರುಗಳೇ ಕಳೆದುಹೋದವು. ಕೊನೆಗೆ ನೋಡಿದರೆ ಅದು ಕೊಳವೆಬಾವಿಯ ನೀರಿನ ಫ್ಲೋರೈಡ್ ಆಗಿತ್ತು, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಪರಿಣಾಮವಾಗಿತ್ತು. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟು ಸಾಂದ್ರವಾಗುತ್ತದೆ ಎಂಬುದನ್ನು ಜನರಿಗೆ ಹೇಳುವವರು ಬೇಕಾಗಿತ್ತು. ದೇವರ ಲೆಕ್ಕಕ್ಕೆ ಹಾಕಿದ್ದನ್ನು ಯಾರೋ ಒಬ್ಬರು ಮರಳಿ ಮನುಷ್ಯರ ಲೆಕ್ಕಕ್ಕೆ ತಂದಾಗಲೇ ಶುದ್ಧ ನೀರಿನ ಘಟಕಗಳು ಬಂದವು. ಸಿಸ್ಟರ್, ನಿಮ್ಮ ನೋವು ಸರಿಯಾದ ನೋವು. ಅದನ್ನು ಯಾರೂ ನಿಮ್ಮಿಂದ ಕಸಿದುಕೊಳ್ಳದಿರಲಿ.

ಲಿಂಗಸುಗೂರಿನ ನಿವೃತ್ತ ಮೇಷ್ಟ್ರು

ಸಂದೇಹಿಗಳ ಮಾತನ್ನು ತಲೆಬಾಗಿ ಸ್ವೀಕರಿಸುತ್ತೇನೆ. ಆದರೆ ಒಂದು ತಿದ್ದುಪಡಿ ಇದೆ. ಲಕ್ಕಮ್ಮ ಎಲ್ಲ ಅಕ್ಕಿಯನ್ನೂ ಸುರಿಯಲು ಹೇಳಲಿಲ್ಲ, ಕಾಯಕವನ್ನೂ ನಿಲ್ಲಿಸಲಿಲ್ಲ. ಅತ್ತೆ ಎಲ್ಲವನ್ನೂ ದೇವರಿಗೆ ಕೊಟ್ಟುಬಿಟ್ಟರು, ಸಿಸ್ಟರ್ ಎಲ್ಲವನ್ನೂ ತಾವೇ ಇಟ್ಟುಕೊಂಡರು. ಇವೆರಡರ ನಡುವೆ ಅಳತೆ ಎಂಬುದೊಂದು ಇದೆಯೆಂದು ನಾನು ಹೇಳಿದ್ದು.

ಕುಷ್ಟಗಿ ಸೀಮೆಯ ಸಿಸ್ಟರ್

ಮೇಷ್ಟ್ರೇ, ಹಾಗಾದರೆ ನನ್ನ ಅಳತೆ ಎಷ್ಟು ಎಂಬುದನ್ನು ಯಾರು ಹೇಳಬೇಕು? ಮೂವತ್ತು ಮಾತ್ರೆ ಕೊಟ್ಟದ್ದು ನಾನೇ, ನಂಬರ್ ಬರೆದುಕೊಳ್ಳದವಳೂ ನಾನೇ. ಅದನ್ನು ಯಾವ ಅಂಗಳದಲ್ಲಿ ಸುರಿಯಲಿ?

ಮಾನ್ವಿಯ ನಿವೃತ್ತ ನರ್ಸ್

ಮಗಳೇ, ನಾನು ಕ್ರೈಸ್ತಳು, ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದವಳು. ನಿನ್ನ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಮೂವತ್ತು ಮಾತ್ರೆ ಕೊಟ್ಟದ್ದು ತಪ್ಪು. ತಪ್ಪಲ್ಲ ಎಂದು ನಾನು ಹೇಳಿದರೆ ನೀನು ನನ್ನನ್ನು ನಂಬುವುದಿಲ್ಲ. ಗರ್ಭಿಣಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ಮಾತ್ರೆಗಳು ಹೋಗಬೇಕೆಂದು ನಿನಗೆ ಗೊತ್ತಿತ್ತು. ಆದರೆ ಅವಳು ಐದು ತಿಂಗಳು ಹೊತ್ತ ಸಿಮೆಂಟ್ ಬುಟ್ಟಿ, ಅವಳು ತಿಂದ ಬರೀ ಅನ್ನ ಸಾರು, ಅವಳನ್ನು ಒಂದು ದಿನವೂ ತಪಾಸಣೆಗೆ ಕಳಿಸದ ಗುತ್ತಿಗೆದಾರ, ಇವರು ಯಾರೂ ನಿನ್ನ ಕೈಯಲ್ಲಿರಲಿಲ್ಲ. 180 ಮಾತ್ರೆ ಕೊಟ್ಟಿದ್ದರೆ ಕೂಸು ಖಂಡಿತ ಉಳಿಯುತ್ತಿತ್ತೆಂದು ಯಾವ ವೈದ್ಯರೂ ಹೇಳಲಾರರು. ತಪ್ಪನ್ನು ಒಪ್ಪಿಕೋ, ತಿದ್ದಿಕೋ. ಸಾವಿಗೆ ಮಾತ್ರ ನೀನೇ ಒಡತಿ ಎಂದುಕೊಳ್ಳಬೇಡ.

ನರ್ಸಿಂಗ್ ಕಲಿಯುವಾಗ ನಮಗೆ ಐಡಾ ಸ್ಕಡರ್ ಅವರ ಜೀವನವನ್ನು ಹೇಳಿಕೊಡುತ್ತಿದ್ದರು. ಅವರು ಅಮೆರಿಕದ ಮಿಷನರಿ ಮನೆತನದ ಹುಡುಗಿ, ತಮಿಳುನಾಡಿನ ತಿಂಡಿವನಂನಲ್ಲಿ ತಂದೆಯ ಮನೆಯಲ್ಲಿದ್ದರು. ಒಂದೇ ರಾತ್ರಿ ಮೂವರು ಗಂಡಸರು ಬೇರೆ ಬೇರೆಯಾಗಿ ಬಂದು, ಹೆರಿಗೆಯಾಗದೆ ನರಳುತ್ತಿರುವ ತಮ್ಮ ಹೆಂಡಂದಿರಿಗೆ ಸಹಾಯ ಮಾಡಲು ಅವರನ್ನು ಕರೆದರು. ವೈದ್ಯರಾಗಿದ್ದ ತಂದೆಯನ್ನು ಕರೆದುಕೊಂಡು ಹೋಗಿರೆಂದರೆ, ಪರಗಂಡಸು ನಮ್ಮ ಹೆಂಗಸನ್ನು ನೋಡಕೂಡದೆಂದು ಮೂವರೂ ಮರಳಿಹೋದರು. ಬೆಳಗಾಗುವಷ್ಟರಲ್ಲಿ ಆ ಮೂವರು ಹೆಣ್ಣುಮಕ್ಕಳೂ ತೀರಿಕೊಂಡಿದ್ದರು. ಐಡಾ ಅದನ್ನು ದೇವರ ಕರೆಯೆಂದು ತೆಗೆದುಕೊಂಡರು. ಆಮೇಲೆ ಅವರು ಮಾಡಿದ್ದೇನೆಂದರೆ, ಆ ಊರನ್ನು ಬಿಟ್ಟು ಹೋದದ್ದು! ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿ, 1900ರಲ್ಲಿ ಮರಳಿ ಬಂದು ವೆಲ್ಲೂರಿನಲ್ಲಿ ಕೆಲಸ ಆರಂಭಿಸಿದರು. 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆದರು. ಇಂದಿನ ವೆಲ್ಲೂರಿನ ದೊಡ್ಡ ಆಸ್ಪತ್ರೆ ಬೆಳೆದದ್ದು ಹಾಗೆ.

ಆದುದರಿಂದ ಹೊರಡುವುದೆಲ್ಲವೂ ಓಡಿಹೋಗುವುದಲ್ಲ. ಕಲಿಯಲು ಹೋಗುತ್ತೀಯೋ, ಆ ಮನೆಯ ಮುಂದೆ ಮತ್ತೆ ನಡೆದುಹೋಗುವುದು ಕಷ್ಟವೆಂದು ಹೋಗುತ್ತೀಯೋ ಎಂಬುದನ್ನು ನೀನು ಪ್ರಾರ್ಥನೆಯಲ್ಲಿ ಕೇಳಿಕೊಳ್ಳಬೇಕು.

ಸಿಂಧನೂರಿನ ನೇರಮಾತು

ನರ್ಸಮ್ಮನವರೇ, ಐಡಾ ಅವರ ಹಿಂದೆ ಒಂದು ಮಿಷನ್ ಇತ್ತು, ಹಣ ಕೊಡುವ ದಾನಿಗಳಿದ್ದರು. ನಮ್ಮ ಸಿಸ್ಟರ್ ಹಿಂದೆ ಯಾರಿದ್ದಾರೆ? ಮಹಾತ್ಮರ ಕಥೆಗಳು ಒಂಟಿಯಾಗಿರುವವರಿಗೆ ಕೆಲವೊಮ್ಮೆ ಧೈರ್ಯದ ಬದಲು ಭಾರವನ್ನೇ ಕೊಡುತ್ತವೆ.

ಮಾನ್ವಿಯ ನಿವೃತ್ತ ನರ್ಸ್

ಒಪ್ಪುತ್ತೇನೆ. ಅದಕ್ಕಾಗಿಯೇ ಅವಳು ಇಲ್ಲಿ ಕೇಳಿದ್ದು ಒಳ್ಳೆಯದಾಯಿತು.

ಯಲಬುರ್ಗಾದ ಆಶಾ

ನಾನು ಹದಿನಾಲ್ಕು ವರ್ಷಗಳಿಂದ ಆಶಾ ಆಗಿದ್ದೇನೆ. ನನಗೆ ದೊಡ್ಡ ಮಾತು ಗೊತ್ತಿಲ್ಲ. ನಮ್ಮ ಉಪಕೇಂದ್ರಕ್ಕೆ ಸಿಸ್ಟರ್ ಬರುತ್ತಾರೆ, ಹೋಗುತ್ತಾರೆ. ಮಾತ್ರೆ ನುಂಗಿದರೆ ಕೂಸು ಕಪ್ಪಾಗುತ್ತದೆ, ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಯಾವ ಮನೆಯ ಅತ್ತೆ ಸೊಸೆಯ ಮಾತ್ರೆಗಳನ್ನು ತಿಪ್ಪೆಗೆ ಎಸೆಯುತ್ತಾಳೆ ಎಂಬುದು ಹೊಸಬರಿಗೆ ತಿಳಿಯಲು ಎರಡು ವರ್ಷ ಬೇಕು. ನೀವು ನಾಲ್ಕು ವರ್ಷ ಇದ್ದೀರಿ. ಆ ತಿಳಿವಳಿಕೆ ಯಾವ ರಿಜಿಸ್ಟರಿನಲ್ಲಿಯೂ ಬರೆದಿರುವುದಿಲ್ಲ, ನಿಮ್ಮ ಜೊತೆಯೇ ಬಸ್ ಹತ್ತಿ ಹೋಗಿಬಿಡುತ್ತದೆ.

ಹೋಗಬೇಡಿರಿ ಎಂದು ಹೇಳುವುದಿಲ್ಲ, ನಿಮಗೂ ಮನೆ ಇದೆ. ಆದರೆ ದೇವರು ನಿಮಗೆ ಈ ನಾಲ್ಕು ವರ್ಷಗಳಲ್ಲಿ ಕೊಟ್ಟದ್ದು ಏನು ಎಂದು ಕೇಳಿದರೆ ನಾನು ಅದನ್ನೇ ತೋರಿಸುತ್ತೇನೆ.

ಮುದಗಲ್ಲಿನ ಔಷಧ ಅಂಗಡಿಯವ

ಅಸ್ಸಲಾಮು ಅಲೈಕುಂ, ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಭರವಸೆಗೆ ತವಕ್ಕುಲ್ ಎನ್ನುತ್ತೇವೆ. ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭಾರ ಹಾಕಲೋ, ಕಟ್ಟಿ ಹಾಕಲೋ ಎಂದು ಕೇಳಿದವನಿಗೆ ಪ್ರವಾದಿಗಳು, ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂದರೆಂದು ಹಿರಿಯರು ಹೇಳುತ್ತಾರೆ. ಸಂದೇಹಿಗಳಿಗೂ ಮೇಷ್ಟ್ರಿಗೂ ನಡೆದಿರುವ ವಾದಕ್ಕೆ ಇದರಲ್ಲಿ ಉತ್ತರವಿದೆ ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಮಾತು. ನಮ್ಮೂರಿನ ಮೊಹರಂಗೆ ಎಲ್ಲ ಜಾತಿಯ ಹೆಣ್ಣುಮಕ್ಕಳೂ ಹರಕೆ ಹೊತ್ತು ಬರುತ್ತಾರೆ, ಮಕ್ಕಳ ಫಲ ಬೇಡುವವರೂ ಬಹಳ ಇರುತ್ತಾರೆ. ಹರಕೆಯ ವಿಷಯದಲ್ಲಿ ಒಂದು ದಿನವೂ ತಪ್ಪದವರು ಮಾತ್ರೆಯ ವಿಷಯದಲ್ಲಿ ಮಾತ್ರ ಮರೆಯುತ್ತಾರೆ. ನಾನು ನನ್ನ ಅಂಗಡಿಗೆ ಬರುವ ಬಸುರಿಯರಿಗೆ, "ಅವ್ವಾ, ಸಂಜೆ ದೇವರ ಮುಂದೆ ದೀಪ ಹಚ್ಚಿದ ಕೂಡಲೇ ಇದನ್ನು ನುಂಗಿಬಿಡು, ಇದೂ ಹರಕೆಯೇ" ಎಂದು ಹೇಳುತ್ತೇನೆ. ಎಷ್ಟೋ ಜನ ಹಾಗೆಯೇ ಮಾಡಿದರು. ಜನರ ನಂಬಿಕೆಯನ್ನು ಎದುರಿಗೆ ನಿಂತು ತಳ್ಳಿದರೆ ಅವರು ಬಾಗಿಲು ಮುಚ್ಚಿಕೊಳ್ಳುತ್ತಾರೆ.

ಮಾನ್ವಿಯ ನಿವೃತ್ತ ನರ್ಸ್

ಬಹಳ ಒಳ್ಳೆಯ ಉಪಾಯ. ಒಂದು ತಿದ್ದುಪಡಿ ಮಾತ್ರ: ದೀಪ ಹಚ್ಚಿದ ಕೂಡಲೇ ಚಹಾ ಕುಡಿಯುವ ರೂಢಿ ಇರುವ ಮನೆಗಳಲ್ಲಿ ಮಾತ್ರೆಯನ್ನು ರಾತ್ರಿ ಊಟವಾದ ಮೇಲೆ ಕೊಡಬೇಕು. ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆಗೆ ನುಂಗಬಾರದು, ಅದನ್ನು ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು.

ಮುದಗಲ್ಲಿನ ಔಷಧ ಅಂಗಡಿಯವ

ಸರಿಯಾಗಿ ಹೇಳಿದಿರಿ ಅಮ್ಮಾ, ಇನ್ನು ಮುಂದೆ ಹಾಗೆಯೇ ಹೇಳುತ್ತೇನೆ.

ಕೊಪ್ಪಳದ ರೊಟ್ಟಿ ಸೇವೆಯವಳು

ಗವಿಮಠದ ಜಾತ್ರೆಗೆ ನಮ್ಮ ಓಣಿಯ ಹೆಂಗಸರು ಸೇರಿ ವರ್ಷವೂ ಜೋಳದ ರೊಟ್ಟಿ ಬಡಿದು ಕೊಡುತ್ತೇವೆ. ನನ್ನ ಪಾಲಿಗೆ ಐವತ್ತು ರೊಟ್ಟಿ ಬರುತ್ತವೆ. ದಾಸೋಹದ ಲಕ್ಷಾಂತರ ಜನರಿಗೆ ಐವತ್ತು ರೊಟ್ಟಿ ಯಾವ ಮೂಲೆಗೆ ಎಂದು ನಾನು ಒಂದು ದಿನವೂ ಯೋಚಿಸಿಲ್ಲ, ಏಕೆಂದರೆ ಪಕ್ಕದ ಮನೆಯವಳೂ ಬಡಿಯುತ್ತಿರುವ ಸಪ್ಪಳ ನನಗೆ ಕೇಳಿಸುತ್ತಿರುತ್ತದೆ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಗಳು ಹಿರೇಹಳ್ಳವನ್ನು ಸ್ವಚ್ಛ ಮಾಡಲು ತಾವೇ ಹಳ್ಳಕ್ಕೆ ಇಳಿದಾಗಲೂ ಊರೂರಿನ ಜನ ಅವರ ಜೊತೆಗೆ ಇಳಿದರು.

ಸಿಸ್ಟರ್, ನಿಮಗೆ ಪಕ್ಕದ ಮನೆಯ ಸಪ್ಪಳ ಕೇಳಿಸುತ್ತಿಲ್ಲ. ನಿಮ್ಮ ತೊಂದರೆ ನಂಬಿಕೆಯ ಕೊರತೆ ಅಲ್ಲವೆಂದು ನನಗೆ ತೋರುತ್ತದೆ.

ಸಂಡೂರಿನ ಸಂದೇಹಿ

ಈ ಮಾತು ನನಗೂ ತಟ್ಟಿತು. ನಾನು ದೇವರನ್ನು ನಂಬುವವನಲ್ಲ, ಆದರೆ ಆ ಸಪ್ಪಳವನ್ನು ನಂಬುತ್ತೇನೆ. ಹಾಗಾದರೆ ಕೆಲಸದ ಮಾತಿಗೆ ಬರೋಣ. ಗುಳೆ ಹೋಗುವ ಕುಟುಂಬಗಳ ಪಟ್ಟಿಯನ್ನು ದೀಪಾವಳಿಗೆ ಮೊದಲೇ ಮಾಡಲು ಸಾಧ್ಯವಿಲ್ಲವೇ? ಗ್ರಾಮಸಭೆಯಲ್ಲಿ ಇದನ್ನು ಎತ್ತಿದರೆ ಪಂಚಾಯಿತಿಯವರೂ ಅಂಗನವಾಡಿಯವರೂ ಜೊತೆಗೆ ಬರಬೇಕಾಗುತ್ತದೆ. ಊರಲ್ಲಿಯೇ ಉದ್ಯೋಗ ಖಾತರಿ ಕೆಲಸ ಸರಿಯಾಗಿ ಸಿಕ್ಕರೆ ಬಸುರಿಯರಾದರೂ ಉಳಿದಾರು.

ಬೆಂಗಳೂರಿನಲ್ಲಿರುವ ದೇವದುರ್ಗದ ಮೇಸ್ತ್ರಿ

ಅಕ್ಕಾರೇ, ನಾನು ಹದಿನೆಂಟು ವರ್ಷಗಳಿಂದ ಗುಳೆಯಲ್ಲಿಯೇ ಇರುವವನು. ಮೊದಲು ಇಟ್ಟಿಗೆ ಹೊತ್ತೆ, ಈಗ ನನ್ನ ಕೈಕೆಳಗೆ ನಲವತ್ತು ಜನ ಕೆಲಸ ಮಾಡುತ್ತಾರೆ, ಎಲ್ಲರೂ ರಾಯಚೂರು, ಕೊಪ್ಪಳ, ಯಾದಗಿರಿ ಕಡೆಯವರು. ನೀವು ಬರೆದದ್ದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ, ಏಕೆಂದರೆ ಆ ಹೆಣ್ಣುಮಗಳು ನನ್ನಂಥವನೊಬ್ಬನ ಕೆಳಗೆ ದುಡಿದಿರುತ್ತಾಳೆ.

ಇಲ್ಲಿಯ ಪರಿಸ್ಥಿತಿ ಹೇಗಿದೆಯೆಂದರೆ, ನಮ್ಮವರು ಬಸುರಿಯರ ತಪಾಸಣೆ ಬರೆಯುವ ತಾಯಿ ಕಾರ್ಡನ್ನು ಕಳೆದುಹೋದೀತೆಂಬ ಹೆದರಿಕೆಯಿಂದ ಊರಿನ ಪೆಟ್ಟಿಗೆಯಲ್ಲಿಯೇ ಇಟ್ಟು ಬರುತ್ತಾರೆ. ಕಾರ್ಡಿಲ್ಲದೆ ಹೋದರೆ ಆಸ್ಪತ್ರೆಯಲ್ಲಿ ಬೈಯುತ್ತಾರೆಂದು ಹೋಗುವುದೇ ಇಲ್ಲ. ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಶೆಡ್ಡಿನ ಹತ್ತಿರ ಸರ್ಕಾರಿ ದವಾಖಾನೆ ಎಲ್ಲಿದೆ ಎಂಬುದು ಗಂಡಸರಿಗೇ ಗೊತ್ತಿರುವುದಿಲ್ಲ, ಆ ಹೆಣ್ಣುಮಕ್ಕಳಿಗೆ ಹೇಗೆ ತಿಳಿಯಬೇಕು? ಊರಿನಿಂದ ಯಾರಾದರೂ ನನಗೆ ಒಂದು ಫೋನ್ ಮಾಡಿ, ಇಂಥವಳಿಗೆ ಇಷ್ಟು ತಿಂಗಳಾಗಿದೆ ಎಂದು ಹೇಳಿದ್ದರೆ ನಾನೇ ಕಳಿಸಿಕೊಡುತ್ತಿದ್ದೆ. ಹದಿನೆಂಟು ವರ್ಷಗಳಲ್ಲಿ ಅಂಥ ಒಂದು ಫೋನೂ ನನಗೆ ಬಂದಿಲ್ಲ.

ಮಾನ್ವಿಯ ನಿವೃತ್ತ ನರ್ಸ್

ಮೇಸ್ತ್ರಿಗಳೇ, ನಿಮಗೆ ಒಂದು ಮಾತು ತಿಳಿದಿರಲಿ. 2016ರಿಂದ ಪ್ರತಿ ತಿಂಗಳ 9ನೇ ತಾರೀಖಿನಂದು ದೇಶದಾದ್ಯಂತ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಆ ಒಂದು ದಿನ ನಿಮ್ಮ ಕೈಕೆಳಗಿನ ಬಸುರಿಯರಿಗೆ ಅರ್ಧ ದಿನದ ಬಿಡುವು ಕೊಟ್ಟು, ಕೂಲಿಯನ್ನು ಕಡಿಯದಿದ್ದರೆ ಸಾಕು.

ಬೆಂಗಳೂರಿನಲ್ಲಿರುವ ದೇವದುರ್ಗದ ಮೇಸ್ತ್ರಿ

ಕಡಿಯುವುದಿಲ್ಲ ಅಮ್ಮಾ. ಮಾತು ಕೊಟ್ಟೆ.

ಸಿಂಧನೂರಿನ ನೇರಮಾತು

ಸಿಸ್ಟರ್, ನಾನು ಮೊದಲು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕಾಯಂ ನೌಕರಿಗಾಗಿ, ಸರಿಯಾದ ಸಂಬಳಕ್ಕಾಗಿ ನೀವು ಹೋರಾಡಲೇಬೇಕು, ಅದಕ್ಕೆ ನಾನು ನಿಮ್ಮ ಜೊತೆಗಿದ್ದೇನೆ. ಆದರೆ ಮೇಸ್ತ್ರಿಯವರ ಬರಹ ಓದಿದ ಮೇಲೆ ಬೆಂಗಳೂರಿಗೆ ಹೋಗಿರಿ ಎಂದು ಹೇಳಲು ನನಗೆ ಮೊದಲಿನಷ್ಟು ಮನಸ್ಸಾಗುತ್ತಿಲ್ಲ. ನಿರ್ಧಾರ ನಿಮ್ಮದು.

ಕುಷ್ಟಗಿ ಸೀಮೆಯ ಸಿಸ್ಟರ್

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಉತ್ತರಿಸಲು ನಾಲ್ಕು ದಿನ ತಡವಾಯಿತು, ಕ್ಷಮಿಸಿರಿ.

ನಿನ್ನೆ ಆ ಮನೆಗೆ ಹೋಗಿದ್ದೆ. ಇಷ್ಟು ದಿನ ಅವರ ಓಣಿಯನ್ನು ಬಳಸಿಕೊಂಡು ಬೇರೆ ದಾರಿಯಿಂದ ಓಡಾಡುತ್ತಿದ್ದೆ ಎಂಬುದನ್ನು ಮಾನ್ವಿಯ ಅಮ್ಮನವರು ಕಾಣದೆಯೇ ಕಂಡುಹಿಡಿದರು. ಅತ್ತೆ ಹೊಲಕ್ಕೆ ಹೋಗಿದ್ದರು. ಸೊಸೆಯ ಹತ್ತಿರ ಕುಳಿತು, ಅಂದು ನಾನು ಕಡಿಮೆ ಮಾತ್ರೆ ಕೊಟ್ಟೆ, ನಂಬರ್ ಬರೆದುಕೊಳ್ಳಲಿಲ್ಲ, ಅದು ನನ್ನ ತಪ್ಪು ಎಂದು ಹೇಳಿದೆ. ಅವಳು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ಎದ್ದುಹೋಗಿ ಪೆಟ್ಟಿಗೆಯಿಂದ ತಾಯಿ ಕಾರ್ಡನ್ನು ತಂದು ನನ್ನ ಮುಂದಿಟ್ಟು, "ಮುಂದಿನ ಸಲ ಬಸುರಾದರ ಇದನ್ನ ಅಲ್ಲಿಗೆ ಒಯ್ಯಬೇಕೇನ್ರಿ?" ಎಂದು ಕೇಳಿದಳು. ನಾನು ಅಲ್ಲಿಯೇ ಅತ್ತುಬಿಟ್ಟೆ. ಮೇಸ್ತ್ರಿಯಣ್ಣ ಬರೆದದ್ದು ಅಕ್ಷರಶಃ ನಿಜವಾಗಿತ್ತು.

ಮೇಷ್ಟ್ರೇ, ನನ್ನ ಅಳತೆ ನನಗೆ ಪೂರ್ತಿಯಾಗಿ ಇನ್ನೂ ಗೊತ್ತಾಗಿಲ್ಲ. ಮೂವತ್ತು ಮಾತ್ರೆ ನನ್ನ ಉಡಿಯಲ್ಲಿಯೇ ಇರುತ್ತವೆ, ಅವನ್ನು ಸುರಿಯುವುದಿಲ್ಲ. ಕೂಸನ್ನು ಮಾತ್ರ ಇಂದು ಬೆಳಗಿನ ಪೂಜೆಯಲ್ಲಿ ಶಿವನಿಗೆ ಒಪ್ಪಿಸಿದೆ. ಅದನ್ನು ಅತ್ತೆ ಹೇಳಿದ ಅರ್ಥದಲ್ಲಿ ಒಪ್ಪಿಸಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಬೆಂಗಳೂರಿನ ಆಸ್ಪತ್ರೆಗೆ ಈ ವರ್ಷ ಬರಲಾಗುವುದಿಲ್ಲ ಎಂದು ಬರೆದು ಕಳಿಸಿದ್ದೇನೆ. ಮುಂದಿನ ವರ್ಷದ ಮಾತನ್ನು ಈಗ ಹೇಳಲಾರೆ. ನಮ್ಮ ಆಶಾ ಅಕ್ಕನೂ ಅಂಗನವಾಡಿಯ ಟೀಚರೂ ನಾನೂ ಸೇರಿ ಗುಳೆ ಹೋಗುವ ಮನೆಗಳ ಪಟ್ಟಿಯನ್ನು ಆರಂಭಿಸಿದ್ದೇವೆ, ಈವರೆಗೆ ಹದಿನೇಳು ಮನೆಗಳಾಗಿವೆ, ಅವುಗಳಲ್ಲಿ ಇಬ್ಬರು ಬಸುರಿಯರಿದ್ದಾರೆ. ಒಬ್ಬಳ ಗಂಡ ಈಗಾಗಲೇ ಬೆಂಗಳೂರಿನಲ್ಲಿದ್ದಾನೆ, ಹಬ್ಬವಾದ ಮೇಲೆ ಅವಳೂ ಹೋಗುತ್ತಾಳೆ. ಮೇಸ್ತ್ರಿಯಣ್ಣಾ, ನಿಮ್ಮ ಕಡೆಯ ಶೆಡ್ಡುಗಳಲ್ಲಿ ಅವರನ್ನು ವಿಚಾರಿಸಲು ಯಾವ ದಿನ ಫೋನ್ ಮಾಡಿದರೆ ಅನುಕೂಲವಾಗುತ್ತದೆ?

ಬೆಂಗಳೂರಿನಲ್ಲಿರುವ ದೇವದುರ್ಗದ ಮೇಸ್ತ್ರಿ

ಭಾನುವಾರ ಮಧ್ಯಾಹ್ನದ ಮೇಲೆ ಮಾಡಿರಿ ಅಕ್ಕಾರೇ. ಅಂದು ಬಟವಾಡೆ ಇರುತ್ತದೆ, ಎಲ್ಲರೂ ಶೆಡ್ಡಿನಲ್ಲಿಯೇ ಸಿಗುತ್ತಾರೆ. ನಂಬರನ್ನು ನಿಮಗೆ ಖಾಸಗಿಯಾಗಿ ಕಳಿಸಿದ್ದೇನೆ.